ಕುಸಿದ ಕರ್ನೆಲ್‌ನ ಸಾಕ್ಷ್ಯಕ್ಕೆ ಎಷ್ಟು ಮೆಮೊರಿ ಮೀಸಲಿಡಬೇಕು?

ನಿಮ್ಮ ಕಾಲೇಜಿನ ಸರ್ವರ್ ಇದ್ದಕ್ಕಿದ್ದಂತೆ ನಿಂತು, ತಾನಾಗಿಯೇ ಮತ್ತೆ ಚಾಲೂ ಆಯಿತೆಂದುಕೊಳ್ಳಿ. ವಾರದ ನಂತರ ಪುನಃ ಹಾಗೆಯೇ ಆಗುತ್ತದೆ. ಕುಮಟಾದಲ್ಲಿ ಮಳೆಗಾಲವಾದರೆ ಎಲ್ಲರೂ ವಿದ್ಯುತ್ತನ್ನೇ ದೂರುತ್ತಾರೆ. ಆದರೆ ತಪ್ಪು ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿಯೇ ಇದ್ದರೆ? ಅದರ ಸಾಕ್ಷ್ಯ ಇರುವುದು ಮೆಮೊರಿಯಲ್ಲಿ; ಯಂತ್ರ ಮತ್ತೆ ಚಾಲೂ ಆದೊಡನೆ ಅದು ಕಳೆದುಹೋಗುತ್ತದೆ.

ಕುಸಿಯುತ್ತಿರುವ ಕರ್ನೆಲ್ ತನ್ನ ಮೆಮೊರಿಯನ್ನು ತಾನೇ ಡಿಸ್ಕಿಗೆ ಬರೆಯಬಾರದೇ ಎಂದು ನೀವು ಕೇಳಬಹುದು. ಡಿಸ್ಕನ್ನು ನಡೆಸುವ ಡ್ರೈವರ್ ಭಾಗವೇ ಕೆಟ್ಟಿರಬಹುದು. ಒಳ್ಳೆಯ ಕಡತಗಳ ಮೇಲೆಯೇ ಅದು ಬರೆದುಬಿಡಬಹುದು. ಲಿನಕ್ಸ್ ಇದಕ್ಕೆ ಕಂಡುಕೊಂಡ ಉಪಾಯ ಕೆಡಂಪ್. 2005ರಲ್ಲಿ 2.6.13ನೇ ಆವೃತ್ತಿಯೊಡನೆ ಬಂದ ಇದರ ರಚನೆಯಲ್ಲಿ ಬೆಂಗಳೂರಿನ ಐಬಿಎಂ ಎಂಜಿನಿಯರುಗಳ ಪಾಲು ದೊಡ್ಡದು. ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಹಾಗೂ ಅಮೆರಿಕದ ಎರಿಕ್ ಬೀಡರ್‌ಮನ್ ಅದೇ ವರ್ಷ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಇದನ್ನು ವಿವರಿಸಿದರು.

ಯಂತ್ರ ಚಾಲೂ ಆಗುವಾಗಲೇ ಮೆಮೊರಿಯ ಒಂದು ತುಂಡನ್ನು ಬೇರೆಯಾಗಿಟ್ಟು, ಅದರಲ್ಲಿ ಎರಡನೆಯ ಪುಟ್ಟ ಕರ್ನೆಲ್ಲನ್ನು ತುಂಬಿಡುತ್ತಾರೆ. ಮೊದಲನೆಯದು ಕುಸಿದಾಗ ಬಯೋಸ್‌ಗೆ ಹೋಗದೆ ನೇರವಾಗಿ ಇದಕ್ಕೇ ಹಾರುತ್ತದೆ. ಹಳೆಯ ಮೆಮೊರಿ ಇದ್ದಂತೆಯೇ ಇರುತ್ತದೆ. ಹೊಸ ಕರ್ನೆಲ್ ಅದನ್ನು ಕಡತದಂತೆ ಓದಿ ಉಳಿಸುತ್ತದೆ. ಮೀಸಲು ಮೊದಲೇ ಏಕೆ? ಅಘನಾಶಿನಿ ದಂಡೆಯ ಗಜನಿಯಲ್ಲಿ ಕಗ್ಗ ಬೆಳೆಯುವ ರೈತನು ಬಿತ್ತನೆ ಭತ್ತವನ್ನು ಊಟದ ಭತ್ತದೊಡನೆ ಬೆರೆಸುವುದಿಲ್ಲ. ಇಲ್ಲಿ ಇನ್ನೊಂದು ಕಾರಣವೂ ಇದೆ, ನನಗೆ ಅದೇ ಸ್ವಾರಸ್ಯಕರ. ಕರ್ನೆಲ್ ಸತ್ತರೂ ನೆಟ್‌ವರ್ಕ್ ಕಾರ್ಡಿಗೆ ಅದು ತಿಳಿಯದು! ಹಿಂದೆ ತನಗೆ ಕೊಟ್ಟಿದ್ದ ವಿಳಾಸಗಳಿಗೆ ಅದು ದತ್ತಾಂಶ ಸುರಿಯುತ್ತಲೇ ಇರುತ್ತದೆ. ಆ ಕಾರ್ಡಿಗೆ ಎಂದೂ ಕೊಟ್ಟಿರದ ಜಾಗ ಮಾತ್ರ ಸುರಕ್ಷಿತ.

ಈಗ ಪ್ರಮಾಣ. 64 ಜಿಬಿ ಉಳಿಸಲು 64 ಜಿಬಿ ಮೀಸಲು ಬೇಕಿಲ್ಲ. ಓದುವುದು ಚೂರು ಚೂರಾಗಿ. ಯಾವ ಪುಟ ಬೇಕು, ಯಾವುದು ಬೇಡ ಎಂಬ ಪಟ್ಟಿಗೆ ಮೇಕ್‌ಡಂಪ್‌ಫೈಲ್ ಎಂಬ ಸಾಧನ ಪುಟವೊಂದಕ್ಕೆ 2 ಬಿಟ್ ಬಳಸುತ್ತದೆ. ಪುಟ 4 ಕೆಬಿ ಆದರೆ 1 ಟಿಬಿಯಲ್ಲಿ ಸುಮಾರು 26.8 ಕೋಟಿ ಪುಟಗಳು; ಪಟ್ಟಿಗೆ ಬೇಕಾದದ್ದು ಕೇವಲ 64 ಎಂಬಿ. ಪಟ್ಟಿಯನ್ನು ಕಂತುಗಳಲ್ಲಿ ಮಾಡಿದರೆ ಇನ್ನೂ ಕಡಿಮೆ. ನಿಜವಾಗಿ ಜಾಗ ತಿನ್ನುವುದು ಡ್ರೈವರುಗಳು. ಪ್ರತಿ ಸಿಪಿಯುಗೂ ಅವು ಬೇರೆ ಬೇರೆ ಬಫರ್ ಕೇಳುವುದರಿಂದ ಎರಡನೆಯ ಕರ್ನೆಲ್ಲನ್ನು ಸಾಮಾನ್ಯವಾಗಿ ಒಂದೇ ಸಿಪಿಯುವಿನಲ್ಲಿ ನಡೆಸುತ್ತಾರೆ. ಮೀಸಲು ಸಾಲದೆ ಹೋದರೆ ಎರಡನೆಯದೂ ಮೆಮೊರಿ ಇಲ್ಲದೆ ಸಾಯುತ್ತದೆ, ಸಾಕ್ಷ್ಯ ಉಳಿಯುವುದಿಲ್ಲ.

ರೆಡ್ ಹ್ಯಾಟ್ 9ನೇ ಆವೃತ್ತಿ ಬಂದಾಗ ಅದರ ರೂಢಿಯ ಅಳತೆ ಹೀಗಿತ್ತು: 1ರಿಂದ 4 ಜಿಬಿಗೆ 192 ಎಂಬಿ, 64 ಜಿಬಿವರೆಗೆ 256, ಅದಕ್ಕೂ ಮೇಲೆ 512. ಪ್ರಯೋಗಾಲಯದ 1 ಜಿಬಿಯ ಹಳೆಯ ಯಂತ್ರದಲ್ಲಿ 192 ಎಂದರೆ ಹೆಚ್ಚುಕಡಿಮೆ ಐದನೆಯ ಒಂದು ಪಾಲು. ಅಂಥಲ್ಲಿ ಕೆಡಂಪ್ ಬೇಡವೆಂದೇ ನನ್ನ ಅಭಿಪ್ರಾಯ. ಸರ್ವರಿಗೆ ಮಾತ್ರ ಇರಲಿ. ‘ಕ್ರ್ಯಾಶ್‌ಕರ್ನೆಲ್=256ಎಂ’ ಎಂಬ ಬೂಟ್ ಸೂಚನೆ ಕೊಟ್ಟು, ರಜಾದಿನ ಎಲ್ಲ ಕಡತಗಳನ್ನೂ ಉಳಿಸಿ, ‘ಸಿಸ್‌ಆರ್‌ಕ್ಯೂ’ ಮೂಲಕ ಕರ್ನೆಲ್ಲನ್ನು ಬೇಕೆಂದೇ ಕೆಡವಿ ನೋಡಿ. ಡಂಪ್ ಕಡತ ಸಿಗದಿದ್ದರೆ ಮೀಸಲು ಹೆಚ್ಚಿಸಿ ಮತ್ತೆ ಕೆಡವಿ. ಸಿಕ್ಕಿದ ಕಡತದಲ್ಲಿ ಪಾಸ್‌ವರ್ಡುಗಳೂ ಇರಬಹುದು. ಪರೀಕ್ಷೆಗೆಂದು ಯಾರಿಗಾದರೂ ಕಳುಹಿಸುವ ಮುನ್ನ ಇದು ನೆನಪಿರಲಿ.