ಹೊಸ ಫ್ರಿಜ್ ಮನೆಗೆ ಬಂದಾಗ

'ಫ್ರಿಜ್ ಬಾಗಿಲು ತೆರೆದಿಟ್ಟರೆ ಅಡುಗೆಮನೆ ತಂಪಾಗುತ್ತದೆಯೇ ಸಾರ್?' ತರಗತಿಯಲ್ಲಿ ಪ್ರತಿವರ್ಷ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು. ಇಲ್ಲ, ಬಿಸಿಯಾಗುತ್ತದೆ! ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೀರಿ ಹೊರಗೆ ಚೆಲ್ಲುತ್ತದೆ. ಕಂಪ್ರೆಸರ್ ಬಳಸುವ ವಿದ್ಯುತ್ತೂ ಕೊನೆಗೆ ಶಾಖವಾಗಿ ಅದಕ್ಕೆ ಸೇರುತ್ತದೆ.

ಆದ್ದರಿಂದಲೇ ಹೊಸ ಫ್ರಿಜ್ಜನ್ನು ಗೋಡೆಗೆ ಒತ್ತಿ ನಿಲ್ಲಿಸಬಾರದು. ಕೈಪಿಡಿಯಲ್ಲಿ ಹೇಳಿದಷ್ಟು ಜಾಗ ಬಿಡಿ. ಒಲೆಯ ಪಕ್ಕವೂ ಬೇಡ, ಬಿಸಿಲೂ ಬೇಡ. ಸಾಗಿಸುವಾಗ ಮಲಗಿಸಿದ್ದರೆ, ನೇರ ನಿಲ್ಲಿಸಿ ಕೆಲವು ಗಂಟೆಗಳ ನಂತರ ಚಾಲೂ ಮಾಡಿ. ಕೊಳವೆಗಳಿಗೆ ಹರಿದ ಕಂಪ್ರೆಸರಿನ ಎಣ್ಣೆ ಸ್ವಸ್ಥಾನಕ್ಕೆ ಮರಳಬೇಕು. ಪ್ಲಗ್ಗಿನ ದಪ್ಪ ಪಿನ್ನು ಸೇರುವ ರಂಧ್ರಕ್ಕೆ ನಿಜವಾಗಿಯೂ ಅರ್ತಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿ. ಒದ್ದೆ ಕೈ, ಲೋಹದ ಬಾಗಿಲು: ಇದು ಜೀವದ ಪ್ರಶ್ನೆ.

ಒಳಗಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ ಸುಮಾರಿಗಿರಲಿ. ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಪಟ್ಟಿ ಸಡಿಲವಾಗಿದೆ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಆಹಾರ ಸುಮಾರು 4 ಗಂಟೆ ಕೆಡದು.

ಹಿಂದೊಮ್ಮೆ ಆತುರದಲ್ಲಿ ನಾನೇ ಫ್ರೀಜರಿನ ಮಂಜುಗಡ್ಡೆಯನ್ನು ಚಾಕುವಿನಿಂದ ಕೆರೆದೆ. 'ಬುಸ್' ಎಂದಿತು! ಕೊಳವೆ ತೂತು, ಅನಿಲ ಖಾಲಿ. ವಿಜ್ಞಾನದ ಮೇಷ್ಟರಿಗೇ ಪಾಠವಾಯಿತು. ಈಗಿನ ಹಲವು ಫ್ರಿಜ್‌ಗಳಲ್ಲಿರುವುದು ಐಸೋಬ್ಯುಟೇನ್. ಓಝೋನ್ ಪದರಕ್ಕೆ ಹಾನಿಯಿಲ್ಲ, ಆದರೆ ಕಿಡಿ ತಗಲಿದರೆ ಹೊತ್ತಿಕೊಳ್ಳುತ್ತದೆ. ಮಂಜು ದಪ್ಪವಾದರೆ ಸ್ವಿಚ್ ಆರಿಸಿ, ಬಾಗಿಲು ತೆರೆದು, ತಾನಾಗಿ ಕರಗಲು ಬಿಡಿ.

ಮಕ್ಕಳೇ, ಇಂದು ಫ್ರಿಜ್ಜಿನ ಪಕ್ಕದ ಗೋಡೆಗೆ ಅಂಗೈ ಹಿಡಿದು ನೋಡಿ. ತಟ್ಟುವ ಬಿಸಿಯಲ್ಲಿ ಅಮ್ಮ ಈಗಷ್ಟೇ ಒಳಗಿಟ್ಟ ಹಾಲಿನ ಶಾಖವೂ ಇದೆ!