ಗಂಜಿ ತಣ್ಣಗಾದ ಶುಕ್ರವಾರ

ಆ ಶುಕ್ರವಾರ ನಾನು ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಲೆಂಟ್ ಕಾಲ. ಬೂದಿ ಬುಧವಾರದಿಂದ ಈಸ್ಟರ್ ತನಕ, ಆದಿತ್ಯವಾರಗಳನ್ನು ಬಿಟ್ಟು 40 ದಿನ ನಮಗೆ ಉಪವಾಸ, ಪ್ರಾರ್ಥನೆಗಳ ಸಮಯ. ಸಂಜೆ ಆರಾಧನೆ, ಅದು ಮುಗಿದ ಮೇಲೆ ಈಸ್ಟರ್ ಹಾಡುಗಳ ಅಭ್ಯಾಸ, ಆಮೇಲೆ ಸಮಿತಿಯ ಮೀಟಿಂಗು. ಅತ್ತೆ ಮಂಚದಲ್ಲಿ ಒರಗಿ ಕೂತಿದ್ದರು. ಏಳು ಗಂಟೆಗೆ ನನ್ನ ಮಗ ಬಡಿಸಿಟ್ಟ ಗಂಜಿ ಸ್ಟೂಲಿನ ಮೇಲೆ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಲಕ್ವ ಹೊಡೆದ ಮೇಲೆ ಅವರ ಬಲಗೈ ಏಳುವುದಿಲ್ಲ, ಎಡಗೈಯಲ್ಲಿ ಚಮಚ ನಿಲ್ಲುವುದಿಲ್ಲ. ಮೊಮ್ಮಗನ ಹತ್ತಿರ ಉಣಿಸು ಅನ್ನಲು ಅವರಿಗೆ ಸಂಕೋಚ.

"ಇವತ್ತು ಯಾವ ಗೀತೆ ಹಾಡಿದಿರಿ?" ಅಂತ ಕೇಳಿದರು. ಹಸಿವಾಗಿದೆ ಅನ್ನಲಿಲ್ಲ. ನಾನಿರುವ ಚರ್ಚಿನ ಗಾಯನ ತಂಡದಲ್ಲೇ 30 ವರ್ಷ ಹಾಡಿದವರು.

"ನಾಳೆ ಹೇಳ್ತೇನೆ ಅತ್ತೆ, ಸುಸ್ತಾಗಿದೆ" ಅಂದುಬಿಟ್ಟೆ.

ನನ್ನ ಗಂಡನಿಗೆ ಗಲ್ಫಿನಲ್ಲಿ ಕೆಲಸ, ನನಗೆ ಇಲ್ಲಿ ಬ್ಯಾಂಕಿನಲ್ಲಿ. ಉಳಿದ ಹೊತ್ತೆಲ್ಲ ಚರ್ಚಿನದ್ದು: ಸಂಡೇ ಸ್ಕೂಲ್ ಪಾಠ, ಗಾಯನ ತಂಡ, ಮಹಿಳಾ ಕೂಟದ ಲೆಕ್ಕಪತ್ರ, ಸಭೆಯ ಸಮಿತಿ. ಹೊರಗಿನವರಿಗೆ ಚರ್ಚ್ ಅಂದರೆ ಆದಿತ್ಯವಾರದ ಒಂದೂವರೆ ಗಂಟೆ ಎಂದು ಕಾಣಬಹುದು. ಆದರೆ ನಮ್ಮಂಥ ಸಣ್ಣ ಸಭೆಯಲ್ಲಿ ಸಂಬಳ ತೆಗೆದುಕೊಳ್ಳುವವರು ಸಭಾಪಾಲಕರು ಮತ್ತು ಗಂಟೆ ಬಾರಿಸಿ ಬಾಗಿಲು ತೆರೆಯುವವರು, ಇಬ್ಬರೇ. ಮಿಕ್ಕ ಕೆಲಸವೆಲ್ಲ ಸಭಿಕರ ಮೇಲೆ. ಬೇಡ ಅನ್ನದವರ ಕೈಗೆ ಒಂದರ ಮೇಲೊಂದು ಬಂದು ಬೀಳುತ್ತದೆ. ದೇವರ ಕೆಲಸಕ್ಕೆ ಬೇಡ ಅನ್ನುವುದಾದರೂ ಹೇಗೆ?

ಆ ವಾರ ಮಕ್ಕಳಿಗೆ ನಾನು ಕಲಿಸಬೇಕಾಗಿದ್ದ ಪಾಠ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯ. ಯೇಸುವಿನ ಕಾಲದಲ್ಲಿ 'ಕೊರ್ಬಾನ್' ಎಂಬ ಪದ್ಧತಿ ಇತ್ತು. ಒಂದು ವಸ್ತುವನ್ನು ದೇವರಿಗೆ ಅರ್ಪಿತ ಎಂದು ಸಾರಿಬಿಟ್ಟರೆ ಅದನ್ನು ಮುದಿ ತಂದೆತಾಯಿಗೆ ಕೊಡಬೇಕಾಗಿಲ್ಲ ಎಂದು ಶಾಸ್ತ್ರಿಗಳು ಹೇಳುತ್ತಿದ್ದರು. ಹೀಗೆ ಮಾಡಿ ನೀವು ದೇವರ ಮಾತನ್ನೇ ಇಲ್ಲದಂತೆ ಮಾಡುತ್ತೀರಿ ಎಂದು ಯೇಸು ಅವರನ್ನು ಗದರಿದ. ಈ ಪಾಠವನ್ನು ನಾನು ಎಷ್ಟು ಸಲ ಹೇಳಿಕೊಟ್ಟಿಲ್ಲ! ಆ ರಾತ್ರಿ ಅಡುಗೆಮನೆಯಲ್ಲಿ ಗಂಜಿ ಬಿಸಿ ಮಾಡುತ್ತ ನಿಂತಾಗ ಕೈಯೇ ಓಡಲಿಲ್ಲ. ನನ್ನ ಸಂಜೆಗಳೆಲ್ಲ ಕೊರ್ಬಾನ್ ಆಗಿಹೋಗಿದ್ದವು.

ಮನೆಯ ಕೆಲಸಕ್ಕಿಂತ ದೇವರ ಕೆಲಸ ದೊಡ್ಡದು ಎಂಬ ಎಣಿಕೆ ಹೊಸದಲ್ಲ. ಐನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಮಠ ಸೇರಿದವರ ಬಾಳೇ ಉನ್ನತ, ಸಂಸಾರಿಗಳದ್ದು ಅದಕ್ಕಿಂತ ಕೆಳಗೆ ಎಂಬ ನಂಬಿಕೆ ಇತ್ತು. ಸ್ವತಃ ಸನ್ಯಾಸಿಯಾಗಿದ್ದ ಮಾರ್ಟಿನ್ ಲೂಥರ್ ಅದನ್ನು ಪ್ರಶ್ನಿಸಿದ. ಮಗುವಿನ ಹೊಲಸು ಬಟ್ಟೆ ಒಗೆಯುವ ತಂದೆಯನ್ನು ಕಂಡು ಜನ ನಗಬಹುದು, ಅವನು ಅದನ್ನು ವಿಶ್ವಾಸದಿಂದ ಮಾಡಿದರೆ ದೇವರು ಮೆಚ್ಚುತ್ತಾನೆ ಎಂದು ಮದುವೆಯ ಕುರಿತು 1522ರಲ್ಲಿ ಬರೆದ. ನಮ್ಮ ಕರಾವಳಿಗೆ ಲೂಥರನ ಸುಧಾರಣೆಯ ಪರಂಪರೆಯನ್ನು ತಂದವರು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು. ಕ್ರೈಸ್ತರಾಗಿ ಮನೆ, ಜಾತಿ, ಕಸುಬು ಕಳೆದುಕೊಂಡವರಿಗೆ ಪ್ರಾರ್ಥನೆ ಮಾತ್ರ ಕಲಿಸಿದರೆ ಹೊಟ್ಟೆ ತುಂಬುತ್ತದೆಯೇ? ನೇಯ್ಗೆ ಕಲಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ನನ್ನ ಅಜ್ಜನೂ ಹಂಚಿನ ಕಾರ್ಖಾನೆಯಲ್ಲೇ ದುಡಿದವರು. ಹಂಚು ಸೊಟ್ಟಗಾದರೆ ಯಾರದೋ ಮನೆ ಸೋರುತ್ತದೆ, ಅದೂ ಪಾಪವೇ ಅನ್ನುತ್ತಿದ್ದರು.

ಮನೆಗೆಲಸ, ಕಸುಬು ಎಲ್ಲವೂ ದೇವರ ಸೇವೆಯೇ ಆದರೆ ಮನೆಯಲ್ಲೇ ಪ್ರಾರ್ಥಿಸಿದರೆ ಸಾಕಲ್ಲ, ಚರ್ಚ್ ಯಾಕೆ ಅಂತ ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅತ್ತೆ ಆಸ್ಪತ್ರೆಯಲ್ಲಿದ್ದ 11 ರಾತ್ರಿ ನಾನು ಒಬ್ಬಳೇ ಇರಲಿಲ್ಲ. ಮಹಿಳಾ ಕೂಟದ ನಾಲ್ವರು ಪಾಳಿಯ ಮೇಲೆ ಬಂದು ಕೂತರು. ಅವರಲ್ಲಿ ಒಬ್ಬರು ಅತ್ತೆಯ ಒದ್ದೆ ಹಾಸುಬಟ್ಟೆಗಳನ್ನು ಕೇಳದೆಯೇ ಮನೆಗೆ ಒಯ್ದು, ಒಗೆದು, ಇಸ್ತ್ರಿ ಹಾಕಿ ತಂದರು. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಈಸ್ಟರ್ ಕಳೆದ ಮೇಲೆ ಸಭಾಪಾಲಕರ ಮನೆಗೆ ಹೋಗಿ ಸಮಿತಿ, ಲೆಕ್ಕಪತ್ರ, ಗಾಯನ ತಂಡ ಮೂರನ್ನೂ ಬಿಡುತ್ತೇನೆ, ಸಂಡೇ ಸ್ಕೂಲ್ ಮಾತ್ರ ಇರಲಿ ಅಂದೆ. ಬೇಸರ ಮಾಡಿಕೊಂಡಾರು ಎಂಬ ಹೆದರಿಕೆ ಇತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಅತ್ತೆಗೆ ಕರ್ತನ ಭೋಜನ ಕೊಟ್ಟು ಎಷ್ಟು ಸಮಯವಾಯಿತಮ್ಮಾ?" ಅಂದರು. ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ ಅದು. ಅವರ ಮಾತಿನಲ್ಲಿ ದೂರು ಇರಲಿಲ್ಲ, ಮರೆತೆವಲ್ಲ ಎಂಬ ನೋವಿತ್ತು. ಮುಂದಿನ ವಾರ ಪುಟ್ಟ ಪೆಟ್ಟಿಗೆ ಹಿಡಿದು ಮನೆಗೇ ಬಂದರು. ಅದರಲ್ಲಿ ಹೆಬ್ಬೆರಳಿನಷ್ಟೇ ಸಣ್ಣ ಲೋಟಗಳು. ಅತ್ತೆಯ ಎಡಗೈ ನಡುಗಿದಾಗ ಲೋಟದ ಅಡಿಗೆ ತಮ್ಮ ಅಂಗೈ ಕೊಟ್ಟು, ಅವರು ಕುಡಿದು ಮುಗಿಸುವ ತನಕ ಹಾಗೇ ಬಗ್ಗಿ ನಿಂತರು.

ಮೊನ್ನೆ ಚರ್ಚಿನ ಬೆಳೆ ಹಬ್ಬದ ಸ್ಟಾಲಿನಲ್ಲಿ ನಿಲ್ಲುತ್ತೀರಾ ಅಂತ ಫೋನ್ ಬಂತು. ನಿಲ್ಲಲು ಆಗುವುದಿಲ್ಲ, ಪತ್ರೊಡೆ ಮಾಡಿ ಕಳಿಸುತ್ತೇನೆ ಅಂದೆ. ಫೋನ್ ಇಡುವ ಮೊದಲೇ ಅತ್ತೆ ಮಂಚದಿಂದ ಕೂಗಿದರು:

"ಈಗಿನ ಕೆಸುವಿನ ಎಲೆ ತುರಿಸ್ತದೆ ಮಗಾ, ಹುಳಿ ಸ್ವಲ್ಪ ಜಾಸ್ತಿ ಹಾಕು. ಹಿಟ್ಟು ರುಬ್ಬಿದ ಮೇಲೆ ನನಗೊಮ್ಮೆ ತೋರಿಸು."