ಪಂಕ್ತಿಯ ಕೊನೆಯ ಕಾಣದ ಗುರುತು

ಕಾಗದದ ಮೇಲೆ ಬರೆಯುವವನಿಗೆ ಸಾಲು ಎಲ್ಲಿ ಮುಗಿಯಿತೆಂದು ಯಾರೂ ಹೇಳಬೇಕಾಗಿಲ್ಲ. ಅಂಚು ಬಂದರೆ ಕೈ ತಾನಾಗಿ ಕೆಳಗಿಳಿಯುತ್ತದೆ. ಕಂಪ್ಯೂಟರಿಗೆ ಹಾಗಲ್ಲ. ಅದರ ಪಾಲಿಗೆ ಕಡತವೆಂದರೆ ಒಂದೇ ಸಮನೆ ಹರಿಯುವ ಸಂಕೇತಗಳ ಪ್ರವಾಹ. ‘ಇಲ್ಲಿಗೆ ಪಂಕ್ತಿ ಮುಗಿಯಿತು’ ಎಂಬುದಕ್ಕೂ ಒಂದು ಗುರುತನ್ನು ಇಡಬೇಕು. ಈ ಗುರುತು ಕಣ್ಣಿಗೆ ಕಾಣದು. ಎಲ್ಲೆಡೆ ಒಂದೇ ಬಗೆಯದೂ ಅಲ್ಲ. ಕಾಗುಣಿತ ಪರೀಕ್ಷಿಸುವ ಪದಪಟ್ಟಿಗಳಿಗೆ ಇದರಿಂದ ಒದಗುವ ತೊಡಕು ಸಾಮಾನ್ಯವಾದುದಲ್ಲ.

ಈ ಭೇದದ ಮೂಲವಿರುವುದು ಟೆಲಿಪ್ರಿಂಟರಿನಲ್ಲಿ. 1963ರಲ್ಲಿ ಬಂದ ಟೆಲಿಟೈಪ್ 33 ಸೆಕೆಂಡಿಗೆ 10 ಅಕ್ಷರಗಳನ್ನು ಅಚ್ಚೊತ್ತುತ್ತಿತ್ತು. ಸಾಲು ಮುಗಿದಾಗ ಅಚ್ಚಿನ ಭಾಗವನ್ನು ಎಡಕ್ಕೆ ತರಲು ಒಂದು ಸಂಕೇತ, ಕಾಗದವನ್ನು ಒಂದು ಸಾಲು ಸರಿಸಲು ಇನ್ನೊಂದು. ಆಸ್ಕಿ ಸಂಕೇತಮಾಲೆಯಲ್ಲಿ ಇವುಗಳ ಸಂಖ್ಯೆ ಕ್ರಮವಾಗಿ 13 ಮತ್ತು 10. ಯಂತ್ರ ಮೂಲೆ ಸೇರಿತು, ಸಂಕೇತಗಳು ಉಳಿದವು. ಯೂನಿಕ್ಸ್ 10 ಒಂದೇ ಸಾಕೆಂದಿತು. ಹಳೆಯ ಮ್ಯಾಕಿಂಟಾಷ್ 13 ಒಂದೇ ಸಾಕೆಂದಿತು. ಡಾಸ್, ಅದರ ಬೆನ್ನಿಗೆ ವಿಂಡೋಸ್, ಎರಡನ್ನೂ ಇಟ್ಟುಕೊಂಡವು. ಮ್ಯಾಕ್ 2001ರಲ್ಲಿ ಯೂನಿಕ್ಸಿನ ಪಂಕ್ತಿಯಲ್ಲಿ ಬಂದು ಕುಳಿತಿತೆನ್ನಿ.

ಪದಪಟ್ಟಿಯಲ್ಲಿ ಪಂಕ್ತಿಗೊಂದು ಪದ. ಹಲವು ಕೈಗಳು, ಹಲವು ಯಂತ್ರಗಳಿಂದ ಅದಕ್ಕೆ ಪದ ಸೇರಿಸುತ್ತವೆ. ವಿಂಡೋಸಿನಲ್ಲಿ ಬರೆದ ‘ಮರ’ದ ಬಾಲಕ್ಕೆ 13 ಅಂಟಿರುತ್ತದೆ. 10ನ್ನು ಮಾತ್ರ ತೆಗೆದು ಓದುವ ಪ್ರೋಗ್ರಾಮಿಗೆ ಅದು ಎರಡಕ್ಷರದ ಪದವಲ್ಲ, ಮೂರಕ್ಷರದ್ದು. ನಾವು ಸರಿಯಾಗಿ ‘ಮರ’ ಎಂದು ಬರೆದರೂ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಪಟ್ಟಿ ತೆಗೆದು ನೋಡಿದರೆ ಪದ ಅಲ್ಲಿಯೇ ಇದೆ! ಬರೆಯುವವನು ಕೊನೆಗೆ ತನ್ನ ಕಾಗುಣಿತವನ್ನೇ ಶಂಕಿಸತೊಡಗುತ್ತಾನೆ.

ಹಂಗೇರಿಯ ಲಾಸ್ಲೋ ನೇಮೆತ್ ಅವರು ತಮ್ಮ ನುಡಿಗೆಂದು ಬೆಳೆಸಿದ, ಈಗ ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳಲ್ಲಿರುವ ಹನ್‌ಸ್ಪೆಲ್ ಓದುವಾಗಲೇ ಎರಡು ಗುರುತುಗಳನ್ನೂ ಕತ್ತರಿಸಿಹಾಕುತ್ತದೆ. ಅಲ್ಲಿಗೆ ಪೀಡೆ ತೀರಿತೇ? ಇಲ್ಲ. ಪದಗಳನ್ನು ಅಕಾರಾದಿಯಾಗಿ ಜೋಡಿಸುವ, ಪುನರುಕ್ತಿ ತೆಗೆಯುವ ಸಾಧನಗಳು ಬೇರೆ ಇವೆ. ಅವುಗಳ ಕಣ್ಣಿಗೆ ಬಾಲವಿರುವ ‘ಮರ’, ಬಾಲವಿಲ್ಲದ ‘ಮರ’ ಎರಡು ಪದಗಳೇ.

ಇದಕ್ಕಿಂತ ಕೆಟ್ಟದ್ದು, ಕೊನೆಯ ಪಂಕ್ತಿಗೆ ಗುರುತೇ ಇಲ್ಲದಿರುವುದು. ಒಂದು ಪಟ್ಟಿ ‘ಹೊಲ’ ಎಂದು ಮುಗಿದು, ಅದರ ಹಿಂದೆ ‘ಅಂಗಳ’ದಿಂದ ಮೊದಲಾಗುವ ಪಟ್ಟಿಯನ್ನು ಹಾಗೆಯೇ ಜೋಡಿಸಿದರೆ ‘ಹೊಲಅಂಗಳ’ ಎಂಬ ವಿಚಿತ್ರ ಪದ ಹುಟ್ಟುತ್ತದೆ. ಯಾವ ಸಂಧಿಗೂ ಒಗ್ಗದ ಈ ಪದಕ್ಕೆ ನಿಘಂಟಿನ ಮಾನ್ಯತೆ. ನಿಜವಾದ ಎರಡು ಪದಗಳಿಗೆ ಬಹಿಷ್ಕಾರ!

ಕನ್ನಡದಲ್ಲಿ ಈ ಗುರುತಿಗೆ ಒಬ್ಬ ದಾಯಾದಿಯೂ ಉಂಟು. ‘ರಾಜ್‌ಕುಮಾರ್’ ಎಂಬಲ್ಲಿ ‘ಕು’ ಒತ್ತಾಗದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆ ಅದು. ಪದದ ಅಂತ್ಯದಲ್ಲಿ ಉಳಿದುಬಿಟ್ಟರೆ ಅದೂ ಕಾಣದು. ಆದರೆ ನಡುವೆ ಅದಕ್ಕೆ ಕೆಲಸವಿರುವುದರಿಂದ ಕಣ್ಣುಮುಚ್ಚಿ ಅಳಿಸುವಂತಿಲ್ಲ.

ಪಂಕ್ತಿಯ ಗುರುತಿಗಾದರೆ ಪರಿಹಾರ ಸುಲಭ: ಯಾವುದಾದರೂ ಸರಿ, ಕಡತದುದ್ದಕ್ಕೂ ಒಂದೇ ಇರಲಿ; ಕೊನೆಯ ಪದಕ್ಕೂ ಇರಲಿ. ಎಚ್ಚರ ಬೇಕಾದುದು ಬದಲಿಸುವಾಗ. ಒಂದೇ ಪದವನ್ನು ತಿದ್ದಿ, ಜೊತೆಗೆ ಗುರುತುಗಳನ್ನೂ ಬದಲಿಸಿದರೆ, ಹಳೆಯದನ್ನೂ ಹೊಸದನ್ನೂ ಹೋಲಿಸಿ ತೋರಿಸುವ ಸಾಧನ ಸಾವಿರಾರು ಪಂಕ್ತಿಗಳೂ ಬದಲಾಗಿವೆ ಎನ್ನುತ್ತದೆ. ನಿಜವಾದ ತಿದ್ದುಪಡಿ ಪರಿಶೀಲಕನ ಕಣ್ತಪ್ಪುತ್ತದೆ. ಆದಕಾರಣ ಬಲ್ಲವರು ಗುರುತುಗಳನ್ನು ಒಂದು ಸಲ, ಪದಗಳನ್ನು ಇನ್ನೊಂದು ಸಲ ತಿದ್ದುತ್ತಾರೆ.